ಸೋತ ಕೃತಕ ಡಿಸ್ಕ್: ಅದೇ ಹೊಟ್ಟೆಯ ದಾರಿಯಲ್ಲಿ ಎರಡನೇ ಸಲ

ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹಾಳಾದರೆ ಹೊಟ್ಟೆಯ ಕಡೆಯಿಂದ ಹೋಗಿ ಅದರ ಜಾಗಕ್ಕೆ ಕೃತಕ ಡಿಸ್ಕ್ ಹಾಕುವುದುಂಟು. ನನಗೆ ಹಾಕಿದ್ದು ಸೋತು ಎರಡನೇ ಸಲ ಆಪರೇಷನ್ ಆಯಿತು. ಹಳೆ ಆಪರೇಷನ್ನಿನ ಫೈಲು ತೆಗೆದರೆ ಮೊದಲು ಹುಡುಕಬೇಕಾದ್ದು ಸ್ಟಿಕ್ಕರು. ಕೃತಕ ಡಿಸ್ಕಿನ ಪ್ರತಿ ತುಂಡೂ ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತದೆ. ಆ ಡಬ್ಬಿಯಲ್ಲೇ ಕಂಪನಿ, ಮಾದರಿ, ಅಳತೆ, ಲಾಟ್ ನಂಬರು ಇರುವ ಅಂಟುಚೀಟಿಗಳೂ ಇರುತ್ತವೆ. ಥಿಯೇಟರಿನ ಸಿಸ್ಟರು ಅವನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ರೋಗಿಯ ಕೈಗೆ ಬರುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರ ಬಹಳ ಸಲ 'ಎಲ್5-ಎಸ್1 ಡಿಸ್ಕ್ ಬದಲಿಸಲಾಗಿದೆ' ಎಂಬ ಒಂದೇ ಸಾಲು. (ಎಲ್5 ಎಂದರೆ ಬೆನ್ನಿನ ಕೆಳಭಾಗದ ಐದನೇ, ಕೊನೆಯ ಕಶೇರು; ಎಸ್1 ಅದರ ಕೆಳಗಿನ ಮೂಳೆ.) ನನ್ನದರಲ್ಲೂ ಅಷ್ಟೇ ಇತ್ತು. ಎರಡನೇ ಸರ್ಜನ್‌ಗೆ ಆ ಒಂದು ಸಾಲು ಏನೇನೂ ಸಾಲದು. ಒಂದೊಂದು ಮಾದರಿಯನ್ನು ಹೊರತೆಗೆಯುವ ಕ್ರಮ ಬೇರೆ, ಕೆಲವಕ್ಕೆ ಕಂಪನಿಯವರೇ ಕಳಿಸಬೇಕಾದ ಇಕ್ಕಳ, ಉಳಿಗಳ ಸೆಟ್ ಬೇರೆ.

ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಡಿಸ್ಕು ಸೋಲುವುದು ಎಷ್ಟೋ ಸಲ ಏಳೆಂಟು ವರ್ಷವಾದ ಮೇಲೆ. ಅಷ್ಟು ಹೊತ್ತಿಗೆ ಕಾಗದ ರದ್ದಿಗೆ ಹೋಗಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ. ಹಾಗಾಗಿ ಈಗ ಯಾರಾದರೂ ಡಿಸ್ಕ್ ಹಾಕಿಸಿಕೊಳ್ಳುತ್ತಿದ್ದರೆ, ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆಗೇ ಸ್ಟಿಕ್ಕರ್ ಅಂಟಿಸಿದ ಹಾಳೆಯ ನಕಲನ್ನೂ ಆಪರೇಷನ್ ನೋಟ್ಸ್ ನಕಲನ್ನೂ ಕೇಳಿ ತಂದುಬಿಡಿ. ಎರಡೂ ಇಲ್ಲದಿದ್ದರೆ ಎಕ್ಸ್‌ರೇ ನೋಡಿ ಊಹಿಸಬೇಕಾಗುತ್ತದೆ. ಕೃತಕ ಡಿಸ್ಕಿನ ಮೇಲಿನ ಕೆಳಗಿನ ಲೋಹದ ತಟ್ಟೆಗಳ ನಟ್ಟನಡುವೆ ನೇಗಿಲಿನ ಗುಳದಂಥ ಒಂದು ರೆಕ್ಕೆ ಮೂಳೆಯೊಳಗೆ ಇಳಿದಿದ್ದರೆ ಅದು ಪ್ರೊಡಿಸ್ಕ್ ಜಾತಿಯದು. ತಟ್ಟೆಯಂಚಿನಲ್ಲಿ ಸಣ್ಣ ಹಲ್ಲುಗಳಿದ್ದರೆ ಶಾರಿಟೆ ಜಾತಿಯದು.

ಶಾರಿಟೆ ಎಂಬುದು ಪೂರ್ವ ಬರ್ಲಿನ್ನಿನ ಆಸ್ಪತ್ರೆಯ ಹೆಸರು. ಅಲ್ಲಿ ಕುರ್ಟ್ ಶೆಲ್‌ನಾಕ್ ಮತ್ತು ಕಾರಿನ್ ಬ್ಯೂಟ್ನರ್-ಯಾನ್ಸ್ ಸೇರಿ ಮಾಡಿದ ಡಿಸ್ಕನ್ನು ಮೊದಲು ಮನುಷ್ಯರಿಗೆ ಹಾಕಿದ್ದು 1984ರಲ್ಲಿ. ಈ ಬ್ಯೂಟ್ನರ್-ಯಾನ್ಸ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಜಿಮ್ನಾಸ್ಟ್. ಬೆನ್ನು ಬಗ್ಗಿಸುವುದೇನೆಂದು ಗೊತ್ತಿದ್ದವರು. ಫ್ರಾನ್ಸಿನ ಸರ್ಜನ್ ತಿಯೆರಿ ಮಾರ್ನೆ ಪ್ರೊಡಿಸ್ಕ್ ಹಾಕತೊಡಗಿದ್ದು 1990ರಲ್ಲಿ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ ಶಾರಿಟೆಗೆ 2004ರಲ್ಲಿ, ಪ್ರೊಡಿಸ್ಕ್-ಎಲ್‌ಗೆ 2006ರಲ್ಲಿ ಒಪ್ಪಿಗೆ ಕೊಟ್ಟಿತು. ಎರಡರಲ್ಲೂ ಕೋಬಾಲ್ಟ್-ಕ್ರೋಮಿಯಂ ತಟ್ಟೆ ಎರಡು, ನಡುವೆ ಗಟ್ಟಿ ಪಾಲಿಎಥಿಲೀನಿನ ತಿರುಳು. ಶಾರಿಟೆಯ ತಿರುಳು ಎರಡು ತಟ್ಟೆಗಳ ನಡುವೆ ಬಿಡಿಯಾಗಿ ಜಾರುತ್ತದೆ. ಪ್ರೊಡಿಸ್ಕಿನದು ಕೆಳತಟ್ಟೆಗೆ ಕಚ್ಚಿಕೊಂಡಿರುತ್ತದೆ, ಮೇಲಿನ ತಟ್ಟೆ ಮಾತ್ರ ಅದರ ಗುಮ್ಮಟದ ಮೇಲೆ ಆಡುತ್ತದೆ. ಹೊರತೆಗೆಯುವಾಗ ಈ ವ್ಯತ್ಯಾಸವೇ ದೊಡ್ಡದಾಗುತ್ತದೆ.

'ಡಿಸ್ಕ್ ಫೇಲಾಗಿದೆ' ಎಂಬ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆಗಳಿವೆ. ತಟ್ಟೆ ಮೂಳೆಯೊಳಕ್ಕೆ ಕುಸಿಯಬಹುದು: ಮೂಳೆ ಮೆತ್ತಗಿದ್ದರೆ, ಇಲ್ಲವೇ ತಟ್ಟೆ ಮೂಳೆಗಿಂತ ಚಿಕ್ಕದಾಗಿ ಗಟ್ಟಿ ಅಂಚಿನ ಮೇಲೆ ಕೂರದೆ ನಡುವಿನ ಮೆದು ಭಾಗದ ಮೇಲೆ ಕೂತಿದ್ದರೆ. ಮೂಳೆಸಾಂದ್ರತೆಯ ಟಿ-ಸ್ಕೋರ್ −1ಕ್ಕಿಂತ ಕೆಳಗಿದ್ದವರಿಗೆ ಹಾಕಬೇಡಿ ಎಂದು ಪ್ರೊಡಿಸ್ಕ್-ಎಲ್‌ನ ಸೂಚನೆಯಲ್ಲೇ ಇದೆ. ಡಿಸ್ಕ್ ಮುಂದಕ್ಕೆ ಜಾರಬಹುದು, ಇದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ. ಪಾಲಿಎಥಿಲೀನ್ ಸವೆದು ಅದರ ಪುಡಿ ಸುತ್ತಲಿನ ಮೂಳೆಯನ್ನು ತಿನ್ನಿಸಬಹುದು. ಲೋಹಕ್ಕೆ ಲೋಹ ಉಜ್ಜುವ ಮಾದರಿಗಳಾದರೆ ಆ ಪುಡಿ ಲೋಹದ್ದು, ಅವರಿಗೆ ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಮಟ್ಟ ನೋಡುತ್ತಾರೆ. ಸೋಂಕು ಅಪರೂಪ, ಆದರೆ ಎಲ್ಲಕ್ಕಿಂತ ಕೆಟ್ಟದ್ದು.

ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇನ್ನೊಂದು. ಡಿಸ್ಕು ಇಟ್ಟ ಜಾಗದಲ್ಲೇ ಚೆನ್ನಾಗಿರುತ್ತದೆ, ನೋವು ಮಾತ್ರ ಹೋಗಿರುವುದಿಲ್ಲ. ಬೆನ್ನುಮೂಳೆಯ ಪ್ರತಿ ಹಂತದಲ್ಲೂ ಮುಂದೆ ಒಂದು ಡಿಸ್ಕ್, ಹಿಂದೆ ಫ್ಯಾಸೆಟ್ ಎಂಬ ಜೋಡಿ ಕೀಲು. ಮುಂದಿನದನ್ನು ಬದಲಿಸಿ ಆಡಲು ಬಿಟ್ಟರೆ ಹಿಂದಿನ ಜೋಡಿಯೂ ಆಡಬೇಕು. ಅವು ಮೊದಲೇ ಸವೆದಿದ್ದರೆ, ಅಥವಾ ಡಿಸ್ಕು ನಡುಗೆರೆಯಿಂದ ಪಕ್ಕಕ್ಕೋ ತೀರಾ ಮುಂದಕ್ಕೋ ಕೂತಿದ್ದರೆ, ಹಿಂದಿನ ಕೀಲುಗಳ ಮೇಲೆ ಭಾರ ಬಿದ್ದು ಅವು ಹಾಳಾಗುತ್ತವೆ. ಅಳತೆಗಿಂತ ಎತ್ತರದ ಡಿಸ್ಕ್ ಹಾಕಿ ಮೂಳೆಗಳನ್ನು ಹಿಗ್ಗಿಸಿದ್ದರೆ ನರ ಎಳೆದಂತಾಗಿ ಕಾಲಿಗೆ ಹೊಸ ನೋವು ಶುರುವಾಗುವುದೂ ಉಂಟು.

ಯಾವ ಕಾಯಿಲೆ ಎಂದು ಹಿಡಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. ಎಕ್ಸ್‌ರೇ, ರಕ್ತಪರೀಕ್ಷೆಗಳನ್ನು ನಮ್ಮೂರು ತುಮಕೂರಿನಲ್ಲೇ ಮಾಡಿಸಿಕೊಳ್ಳಬಹುದು. ಎಕ್ಸ್‌ರೇ ಮಲಗಿಸಿ ತೆಗೆದದ್ದಾದರೆ ಪ್ರಯೋಜನವಿಲ್ಲ. ನಿಂತು, ಮುಂದಕ್ಕೆ ಬಗ್ಗಿ, ಹಿಂದಕ್ಕೆ ಬಾಗಿ, ಮೂರೂ ಬೇಕು ಎಂದು ಚೀಟಿಯಲ್ಲಿ ಬರೆಸಿಕೊಂಡೇ ಹೋಗಿ. ಇಎಸ್‌ಆರ್, ಸಿಆರ್‌ಪಿ ಸೋಂಕಿನ ಸುಳಿವಿಗೆ. ಎಂಆರ್‌ಐ ಮಾಡಿಸೋಣ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಕೋಬಾಲ್ಟ್-ಕ್ರೋಮಿಯಂ ಇದ್ದ ಕಡೆ ಎಂಆರ್‌ಐಯಲ್ಲಿ ಕಾಣುವುದು ಒಂದು ಕಪ್ಪು ಗುಂಡಿ, ಅದರ ಸುತ್ತ ಬಿಳಿ ಸೊಟ್ಟ ಗೆರೆಗಳು. ಪಕ್ಕದ ಹಂತದ ಡಿಸ್ಕ್ ಹೇಗಿದೆ ಎಂದು ತಿಳಿಯಲು ಸಾಕು, ಹಾಕಿದ ಜಾಗಕ್ಕೆ ಸಾಲದು. ಅಲ್ಲಿಗೆ ತೆಳು ಪದರದ ಸಿ.ಟಿ. ಬೇಕು. ನರದ ಒತ್ತಡ ನೋಡಬೇಕೆಂದರೆ ಬೆನ್ನುಹುರಿಯ ನೀರಿಗೆ ಡೈ ಬಿಟ್ಟು ತೆಗೆಯುವ ಸಿ.ಟಿ. ಮೈಲೋಗ್ರಾಂ. ಫ್ಯಾಸೆಟ್ ಕೀಲೇ ಕಾರಣವೋ ಎಂದು ತಿಳಿಯಲು ಅದರೊಳಗೆ ಮರವಳಿಕೆ ಇಂಜೆಕ್ಷನ್ ಕೊಟ್ಟು, ನೋವು ಕೆಲವು ಗಂಟೆ ಹೋಗುತ್ತದೆಯೇ ಎಂದು ನೋಡುತ್ತಾರೆ. ಆ ದಿನ ಮಂಚದ ಮೇಲೆ ಮಲಗಿ ಕಾಲ ಕಳೆಯಬೇಡಿ. ಯಾವ ಕೆಲಸಕ್ಕೆ ನೋವು ಬರುತ್ತಿತ್ತೋ ಅದನ್ನೇ ಮಾಡಿ, ಗಂಟೆಗೊಮ್ಮೆ ಹತ್ತಕ್ಕೆ ಎಷ್ಟು ಎಂದು ಬರೆದಿಡಿ. ಆ ಚೀಟಿ ಸರ್ಜನ್‌ಗೆ ಸ್ಕ್ಯಾನಿನಷ್ಟೇ ಮುಖ್ಯ.

ಇಷ್ಟೂ ಪರೀಕ್ಷೆ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ: ಡಿಸ್ಕನ್ನು ತೆಗೆಯಬೇಕೋ, ಇದ್ದಲ್ಲೇ ಬಿಡಬೇಕೋ. ಸೋತ ಡಿಸ್ಕ್ ತೆಗೆದು ಹೊಸ ಡಿಸ್ಕ್ ಹಾಕುತ್ತಾರೆ ಎಂದುಕೊಂಡು ಬರುವವರೇ ಹೆಚ್ಚು. ಮೊದಲ ಒಂದೆರಡು ವಾರದೊಳಗೆ ಜಾರಿದ್ದರೆ ಬಿಟ್ಟರೆ ಹಾಗೆ ಮಾಡುವುದು ಬಹಳ ಕಡಿಮೆ. ಉಳಿದವರಿಗೆ ಆ ಹಂತವನ್ನು ಶಾಶ್ವತವಾಗಿ ಬೆಸೆಯುವುದೇ ದಾರಿ. ಬೆಸೆಯುವುದು ಹಿಂದಿನಿಂದ ಆದೀತು, ಮುಂದಿನಿಂದಲೂ ಆದೀತು. 'ಡಿಸ್ಕ್ ಅಲ್ಲಾಡ್ತಾ ಇಲ್ಲ, ಕೂತಲ್ಲೇ ಗಟ್ಟಿ ಕೂತಿದೆ ಅಂದ್ರೆ ನಾನು ಅದರ ತಂಟೆಗೇ ಹೋಗಲ್ಲ' ಎಂದು ನನಗೆ ಒಬ್ಬ ಸರ್ಜನ್ ಹೇಳಿದ್ದು ಸರಿಯಾದ ಮಾತು. ಫ್ಯಾಸೆಟ್ ನೋವಿನವರಿಗೆ ಹಿಂದಿನಿಂದ ನಾಲ್ಕು ಸ್ಕ್ರೂ, ಎರಡು ರಾಡು ಹಾಕಿ, ಸೊಂಟದ ಮೂಳೆಯ ಚೂರುಗಳನ್ನು ಇಕ್ಕೆಲಕ್ಕೆ ತುಂಬಿ ಬೆಸೆದರೆ ಮುಗಿಯಿತು. ಒಳಗಿನ ಡಿಸ್ಕ್ ಆಡುವುದು ನಿಂತುಹೋಗಿ ಸುಮ್ಮನೆ ಒಂದು ಗೂಟವಾಗಿ ಉಳಿಯುತ್ತದೆ. ಕುಸಿದದ್ದು, ರಕ್ತನಾಳದ ಕಡೆಗೆ ಜಾರಿದ್ದು, ಪುಡಿ ಉದುರಿಸುತ್ತಿರುವುದು, ಸೋಂಕಾದದ್ದು: ಇವನ್ನು ಮಾತ್ರ ತೆಗೆಯಲೇಬೇಕು.

ತೆಗೆಯುವುದಕ್ಕೆ ಯಾಕಿಷ್ಟು ಹೆದರುತ್ತಾರೆ ಎಂಬುದು ತಿಳಿಯಬೇಕಾದರೆ ಹೊಟ್ಟೆಯೊಳಗಿನ ನಕ್ಷೆ ಗೊತ್ತಿರಬೇಕು. ಮಹಾಪಧಮನಿ ಇಳಿದು ಬಂದು ಎಲ್4 ಮೂಳೆಯ ಹತ್ತಿರ ಎರಡು ಕವಲಾಗುತ್ತದೆ. ಕಾಲುಗಳಿಂದ ಬರುವ ಎರಡು ದೊಡ್ಡ ಅಭಿಧಮನಿಗಳು ಅದರ ತುಸು ಕೆಳಗೆ ಒಂದಾಗುತ್ತವೆ. ಎಲ್5-ಎಸ್1 ಡಿಸ್ಕ್ ಈ ಕವಲಿನ ಕೆಳಗಿನ ಸಂದಿಯಲ್ಲಿದೆ. ಎಲ್4-ಎಲ್5 ಡಿಸ್ಕಿನ ಮೈಮೇಲೇ ಎಡ ಅಭಿಧಮನಿ ಮಲಗಿರುತ್ತದೆ. ಮೊದಲ ಆಪರೇಷನ್ನಿನಲ್ಲಿ ಈ ನಾಳಗಳನ್ನು ಬೆರಳಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸಬಹುದು, ಅವು ಮೆತ್ತನೆ ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ಎರಡು ವಾರ ಕಳೆದರೆ ಗಾಯ ಮಾಗುತ್ತಾ ನಾರು ಕಟ್ಟುತ್ತದೆ. ಆರು ತಿಂಗಳಾದ ಮೇಲೆ ಅಭಿಧಮನಿ ಡಿಸ್ಕಿನ ಮುಖಕ್ಕೆ ಅಂಟು ಹಾಕಿದಂತೆ ಕೂತಿರುತ್ತದೆ. ಅಪಧಮನಿಯ ಗೋಡೆ ದಪ್ಪ, ತಡೆದುಕೊಳ್ಳುತ್ತದೆ. ಅಭಿಧಮನಿಯದು ನೆನೆದ ಕಾಗದದ ಹಾಗೆ. ಹರಿದರೆ ಕೆಲವೇ ನಿಮಿಷದಲ್ಲಿ ಲೀಟರುಗಟ್ಟಲೆ ರಕ್ತ ಹೋಗುತ್ತದೆ.

ಆದ್ದರಿಂದ ಈ ಕೆಲಸಕ್ಕೆ ಬೆನ್ನುಮೂಳೆ ಸರ್ಜನ್ ಒಬ್ಬರೇ ಸಾಲರು. ಹೊಟ್ಟೆಯ ದಾರಿ ಬಿಡಿಸಿಕೊಡಲು ರಕ್ತನಾಳದ ಸರ್ಜನ್, ಮೂತ್ರನಾಳಕ್ಕೆ ಯೂರಾಲಜಿಸ್ಟ್, ರಕ್ತನಿಧಿ, ಐಸಿಯು, ಎಲ್ಲ ಒಂದೇ ಸೂರಿನಡಿ ಇರಬೇಕು. ತುಮಕೂರಿನವರು ಇದಕ್ಕೆ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುವುದು ಅದಕ್ಕೇ. ಸರ್ಜನ್‌ರನ್ನು ನೋಡಿದಾಗ ಕೇಳಬೇಕಾದ ಪ್ರಶ್ನೆಯೂ ಇದೇ: 'ಸಾರ್, ದಾರಿ ಬಿಡಿಸಿಕೊಡೋರು ಯಾರು, ಅವರು ಹಿಂದೆ ಹೀಗೆ ಎರಡನೇ ಸಲ ಒಳಗೆ ಹೋಗಿದ್ದಾರಾ?' ಸಿಟ್ಟಾಗುವ ಸರ್ಜನ್ ಆದರೆ ಬೇರೆಯವರನ್ನು ನೋಡಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಮಿತಿ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷದವರೆಗೆ. ತುರ್ತು ಅಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮವರಿಗೆ ಅದು ಜಿಲ್ಲಾಸ್ಪತ್ರೆ. ಖಾಸಗಿ ವಿಮೆಯಾದರೆ ಹಳೆ ಡಿಸ್ಕಿನ ಸಂಗತಿಯನ್ನು ಮುಚ್ಚಿಡಬೇಡಿ. ಮೊದಲಿಂದ ಇದ್ದ ಕಾಯಿಲೆಗೆ ಕಾಯಿಸಬಹುದಾದ ಅವಧಿ 2024ರಿಂದ ಗರಿಷ್ಠ 3 ವರ್ಷಕ್ಕೆ ಇಳಿದಿದೆ. ಮುಚ್ಚಿಟ್ಟರೆ ಎಕ್ಸ್‌ರೇ ಒಂದೇ ನೋಟಕ್ಕೆ ಹೇಳಿಬಿಡುತ್ತದೆ, ಕ್ಲೇಮು ಹೋಗುತ್ತದೆ.

ಅಡ್ಮಿಟ್ ಆಗುವ ಮೊದಲಿನ ತಯಾರಿಯಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡುವುದು ಮೊದಲನೆಯದು. ನಿಕೋಟಿನ್ ಇದ್ದರೆ ಮೂಳೆ ಸರಿಯಾಗಿ ಬೆಸೆಯದೆ ಹೋಗಬಹುದು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ನಮ್ಮ ಕಡೆಯ ಹೆಂಗಸರು 'ನಾವೇನು ಸೇದಲ್ಲವಲ್ಲ' ಎಂದು ಸುಮ್ಮನಿರುತ್ತಾರೆ, ಅದೂ ನಿಕೋಟಿನ್ನೇ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೊಳ್ಳುವವರು ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು. ವಿಟಮಿನ್ ಡಿ, ಸಕ್ಕರೆ, ಮೂಳೆಸಾಂದ್ರತೆ ನೋಡಿ ಸರಿಮಾಡುತ್ತಾರೆ. ರಕ್ತನಾಳಗಳ ಸಿ.ಟಿ. ಆಂಜಿಯೋ ತೆಗೆದು, ಅಭಿಧಮನಿಗೂ ಡಿಸ್ಕಿಗೂ ನಡುವೆ ಕೊಬ್ಬಿನ ಗೆರೆ ಉಳಿದಿದೆಯೇ ಎಂದು ನೋಡುತ್ತಾರೆ. ಆ ಗೆರೆ ಇದ್ದರೆ ಸರ್ಜನ್ ಮುಖ ಸ್ವಲ್ಪ ಸಡಿಲವಾಗುತ್ತದೆ. ಗಂಡಸರಿಗೆ ಇನ್ನೊಂದು ಮಾತು ಹೇಳಬೇಕು, ಸಂಕೋಚಕ್ಕೆ ಹಲವರು ಹೇಳುವುದಿಲ್ಲ. ಎಲ್5-ಎಸ್1 ಮುಂದೆ ಹಾದುಹೋಗುವ ಸಣ್ಣ ನರಜಾಲಕ್ಕೆ ಪೆಟ್ಟಾದರೆ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹೋಗುತ್ತದೆ. ನಿಮಿರುವಿಕೆಗೆ ತೊಂದರೆಯಿಲ್ಲ, ಮಕ್ಕಳಾಗುವುದು ಕಷ್ಟ. ಮಕ್ಕಳು ಬೇಕಿದ್ದವರು ಮೊದಲೇ ವೀರ್ಯ ಶೇಖರಿಸಿ ಇಡಿಸಬಹುದು.

ಆಪರೇಷನ್ ದಿನ ಅರಿವಳಿಕೆ ಕೊಟ್ಟ ಮೇಲೆ ಮೊದಲು ಯೂರಾಲಜಿಸ್ಟ್ ಮೂತ್ರದ್ವಾರದಿಂದ ಎಡ ಮೂತ್ರನಾಳಕ್ಕೆ ಸ್ಟೆಂಟ್ ಎಂಬ ತೆಳು ಕೊಳವೆ ಕಳಿಸುತ್ತಾರೆ. ನಾರಿನಲ್ಲಿ ಹೂತುಹೋದ ಮೂತ್ರನಾಳ ಕಣ್ಣಿಗೆ ಕಾಣದಿದ್ದರೂ ಒಳಗೆ ಸ್ಟೆಂಟ್ ಇದ್ದರೆ ಬೆರಳಿಗೆ ಸಿಗುತ್ತದೆ. ಆಮೇಲೆ ಎರಡು ದಿನ ಮೂತ್ರ ಕೆಂಪಗೆ ಬಂದರೆ ಗಾಬರಿಯಾಗುವುದು ಬೇಡ. ಎಡಗಾಲಿನ ಹೆಬ್ಬೆರಳಿಗೆ ಒಂದು ಆಕ್ಸಿಮೀಟರ್ ಸಿಕ್ಕಿಸುತ್ತಾರೆ. ಉಸಿರಾಟಕ್ಕೆ ಕೈಬೆರಳಲ್ಲಿ ಒಂದು ಇದ್ದೇ ಇರುತ್ತದೆ, ಕಾಲಿನದು ಬೇರೆ ಕೆಲಸಕ್ಕೆ. ಹೊಟ್ಟೆಯೊಳಗೆ ದಾರಿ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರಿನ ಅಲಗು ಅಪಧಮನಿಯನ್ನು ಅದುಮಿದರೆ ಕಾಲಿಗೆ ರಕ್ತ ನಿಂತು ಆ ಆಕ್ಸಿಮೀಟರಿನ ಪರದೆಯ ಅಲೆ ಚಪ್ಪಟೆಯಾಗುತ್ತದೆ. ಅರಿವಳಿಕೆಯವರು 'ಕಾಲಿನ ಅಲೆ ಹೋಯ್ತು' ಎಂದರೆ ಸರ್ಜನ್ ಕೈಯಲ್ಲಿದ್ದ ಕೆಲಸ ಬಿಟ್ಟು ಅಲಗು ಸಡಿಲಿಸುತ್ತಾರೆ, ಅಲೆ ಮತ್ತೆ ಎದ್ದ ಮೇಲೆ ಮುಂದಿನದು. ರಕ್ತದ ಬಾಟಲಿಗಳು ಹೊಂದಿಸಿ ಸಿದ್ಧವಿರುತ್ತವೆ. ಚೆಲ್ಲಿದ ರಕ್ತವನ್ನೇ ತೊಳೆದು ಮತ್ತೆ ಕೊಡುವ ಸೆಲ್ ಸೇವರ್ ಯಂತ್ರವೂ ಇರುತ್ತದೆ, ಸೋಂಕಿನ ಕೇಸಿನಲ್ಲಿ ಮಾತ್ರ ಅದನ್ನು ಬಳಸುವ ಹಾಗಿಲ್ಲ.

ಮೊದಲ ಸಲ ಎಡಗಡೆಯಿಂದ ಹೋಗಿದ್ದರೆ ಎಲ್5-ಎಸ್1ಗೆ ಈ ಸಲ ಬಲಗಡೆಯಿಂದ ಹೋಗುತ್ತಾರೆ, ಯಾರೂ ತುಳಿಯದ ದಾರಿ ಎಂದು. ಎಲ್4-ಎಲ್5ಗೆ ಆ ಅನುಕೂಲ ಕಡಿಮೆ. ಅಲ್ಲಿಗೆ ಪಕ್ಕೆಯಿಂದ, ಬೆನ್ನುಮೂಳೆಯ ಮಗ್ಗುಲಿನ ಸೋಯಸ್ ಸ್ನಾಯುವನ್ನು ಸೀಳಿಕೊಂಡು ಹೋಗುವುದು ಒಂದು ಉಪಾಯ. ದೊಡ್ಡ ನಾಳಗಳ ಗೊಡವೆ ಬಹುಪಾಲು ತಪ್ಪುತ್ತದೆ. ಆದರೆ ಆ ಸ್ನಾಯುವಿನೊಳಗೇ ತೊಡೆಯ ನರಗಳು ಹಾದುಹೋಗುವುದರಿಂದ ತೊಡೆ ಜೋಮು ಹಿಡಿಯುವುದು, ಮೆಟ್ಟಿಲಿಗೆ ಕಾಲೆತ್ತಲು ಕೆಲವು ವಾರ ಕಷ್ಟವಾಗುವುದು ಉಂಟು. ಎಲ್5-ಎಸ್1ಗೆ ಪಕ್ಕೆಯಿಂದ ಹೋಗಲಾಗದು, ಸೊಂಟದ ಮೂಳೆ ಅಡ್ಡ.

ಹೊಟ್ಟೆಯ ಪೊರೆಯನ್ನು ತೂತು ಮಾಡದೆ ಚೀಲದ ಹಾಗೆ ಪಕ್ಕಕ್ಕೆ ಸರಿಸಿ, ನಾಳಗಳ ಮೇಲೂ ಕೆಳಗೂ ಹಿಡಿತ ಸಿಕ್ಕುವಂತೆ ಟೇಪು ಹಾಕಿಕೊಂಡು, ನಾರನ್ನು ಮಿಲಿಮೀಟರ್ ಮಿಲಿಮೀಟರಾಗಿ ಬಿಡಿಸುತ್ತಾರೆ. ಇಡೀ ಆಪರೇಷನ್ನಿನ ಅರ್ಧ ಹೊತ್ತು ಇಲ್ಲೇ ಹೋಗುತ್ತದೆ. ಡಿಸ್ಕ್ ಕಂಡ ಮೇಲಿನದು ಹೋಲಿಸಿದರೆ ಬಡಗಿಯ ಕೆಲಸ. ಮೊದಲು ನಡುವಿನ ತಿರುಳನ್ನು ಹೊರಹಾಕುತ್ತಾರೆ. ಅದು ಬಂದರೆ ತಟ್ಟೆಗಳ ನಡುವೆ ಉಳಿ ಆಡಿಸಲು ಜಾಗ ಸಿಗುತ್ತದೆ. ಆಮೇಲೆ ಒಂದೊಂದೇ ತಟ್ಟೆಯ ಹಿಂದೆ ತೆಳು ಉಳಿ ಹೊಡೆದು ಮೂಳೆಯಿಂದ ಬಿಡಿಸುತ್ತಾರೆ. ರೆಕ್ಕೆ ಇರುವ ಮಾದರಿಯಲ್ಲಿ ಅದರ ಎರಡೂ ಬದಿ ಮೂಳೆ ಕಡಿಯಬೇಕು. ಅವಸರ ಮಾಡಿ ಎಳೆದರೆ ಕಶೇರು ಎರಡು ಹೋಳಾಗಿ ಸೀಳುತ್ತದೆ.

ತೆಗೆದ ಡಿಸ್ಕನ್ನು ಕೇಳಿ ನೋಡಿದೆ. ಸ್ಟೀಲ್ ಟ್ರೇಯಲ್ಲಿ ಎರಡು ತಟ್ಟೆ, ಒಂದರ ಬೆನ್ನಿಗೆ ಇನ್ನೂ ಮೂಳೆಯ ಹಕ್ಕಳೆ. ತಿರುಳು ಹಳೆ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಹಳದಿಗೆ ತಿರುಗಿತ್ತು. ಒಂದು ಅಂಚು ಸವೆದು ತೆಳುವಾಗಿ ಅಲ್ಲೇ ಕೂದಲೆಳೆಯ ಬಿರುಕು. ಇನ್ನೊಂದು ಅಂಚು ಹೊಸದರಂತೆಯೇ ಇತ್ತು. ಭಾರ ಇಷ್ಟೂ ದಿನ ಒಂದೇ ಕಡೆ ಬೀಳುತ್ತಿತ್ತು ಎಂಬುದಕ್ಕೆ ಬೇರೆ ಸ್ಕ್ಯಾನ್ ಬೇಕಿರಲಿಲ್ಲ.

ಡಿಸ್ಕಿನ ಸುತ್ತಲಿನ ಅಂಗಾಂಶದಿಂದ ನಾಲ್ಕೈದು ಚೂರು ಕಲ್ಚರಿಗೆ ಹೋಗುತ್ತವೆ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಇರಬಹುದೆಂದು 14 ದಿನದವರೆಗೂ ಇಟ್ಟು ನೋಡುತ್ತಾರೆ. ಎರಡನೇ ದಿನ 'ನೆಗೆಟಿವ್' ಎಂದರೆ ಅದೇ ಕೊನೆಯ ಮಾತಲ್ಲ. ಖಾಲಿಯಾದ ಜಾಗ ಮೊದಲಿಗಿಂತ ದೊಡ್ಡದಾಗಿರುವುದರಿಂದ ದೊಡ್ಡ ಕೇಜ್, ಅಂದರೆ ಎರಡು ಮೂಳೆಗಳ ನಡುವೆ ಇಡುವ ಟೊಳ್ಳು ಗೂಡು, ಬೇಕು, ಅದರೊಳಗೆ ಸೊಂಟದ ಮೂಳೆಯ ತಿರುಳು ತುಂಬುತ್ತಾರೆ. ನಂತರ ಬೋರಲು ಮಲಗಿಸಿ, ಇಲ್ಲವೇ ಎರಡು ಮೂರು ದಿನ ಬಿಟ್ಟು, ಹಿಂದಿನಿಂದ ಸ್ಕ್ರೂ ಮತ್ತು ರಾಡು. ಮುಂದೆ ಕೇಜ್ ಮಾತ್ರ ಇಟ್ಟು ಬಿಟ್ಟರೆ ಮೂಳೆ ಕಳೆದುಕೊಂಡ ಜಾಗ ಅದನ್ನು ಹಿಡಿದುಕೊಳ್ಳುವುದಿಲ್ಲ.

ಎಚ್ಚರವಾದ ಮೇಲೆ ನೋವಿಗಿಂತ ಹೊಟ್ಟೆಯೇ ಹೆಚ್ಚು ಸತಾಯಿಸುತ್ತದೆ. ಕರುಳು ಮುಷ್ಕರ ಹೂಡಿರುತ್ತದೆ. ಗಾಳಿ ಹೋಗುವವರೆಗೆ ನೀರಿನ ಗುಟುಕು ಬಿಟ್ಟು ಏನೂ ಕೊಡುವುದಿಲ್ಲ. ಊರಿಂದ ಬಂದವರು ಫ್ಲಾಸ್ಕಿನಲ್ಲಿ ರಾಗಿ ಗಂಜಿ ಹಿಡಿದು ನಿಂತಿರುತ್ತಾರೆ, ಕುಡಿಸಲು ಬಿಡಬೇಡಿ. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಬಿಗಿ ಸ್ಟಾಕಿಂಗ್, ಉಬ್ಬಿ ಇಳಿಯುವ ಪಂಪು, ಹೆಪಾರಿನ್ ಇಂಜೆಕ್ಷನ್. ಎಡಗಡೆಯಿಂದ ಹೋಗಿದ್ದರೆ ಇನ್ನೊಂದು ವಿಚಿತ್ರ ಇಲ್ಲಿ ಕಾಣಬಹುದು: ಬಲಗಾಲು ಐಸಿನ ಹಾಗೆ ತಣ್ಣಗಿದೆ, ರಕ್ತ ಓಡುತ್ತಿಲ್ಲ ಎಂದು ಗಾಬರಿ. ಸಿಸ್ಟರು ಬಂದು ಎರಡೂ ಪಾದದ ನಾಡಿ ಹಿಡಿದರೆ ಎರಡೂ ಚೆನ್ನಾಗಿರುತ್ತವೆ. ನಿಜದಲ್ಲಿ ಬಲಗಾಲು ಇರಬೇಕಾದಷ್ಟೇ ಇದೆ, ಎಡಗಾಲು ಬಿಸಿಯಾಗಿದೆ. ಎಡಗಡೆಯ ಸಿಂಪಥೆಟಿಕ್ ನರ ಸರಪಳಿಗೆ ಪೆಟ್ಟಾಗಿ ಆ ಕಾಲಿನ ನಾಳಗಳು ಹಿಗ್ಗಿರುತ್ತವೆ. ಸಾಮಾನ್ಯವಾಗಿ ತಿಂಗಳುಗಳಲ್ಲಿ ಸರಿಹೋಗುತ್ತದೆ. ಆದರೆ ನಾಡಿ ಸಿಗದೆ ಕಾಲು ತಣ್ಣಗಾಗಿದ್ದರೆ ಅದು ತುರ್ತು.

ಎರಡನೇ ದಿನ ಬೆಲ್ಟ್ ಕಟ್ಟಿ ನಿಲ್ಲಿಸುತ್ತಾರೆ. ಏಳುವ ಕ್ರಮವನ್ನು ಮನೆಯವರೂ ಕಲಿಯಬೇಕು. ಮಂಡಿ ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ಮರದ ದಿಮ್ಮಿಯಂತೆ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದ ಕೆಳಗೆ ಇಳಿಬಿಡುತ್ತಾ ಮೊಣಕೈ ಊರಿ ಮೇಲೇಳಬೇಕು. ಕಂಕುಳಿಗೆ ಕೈಹಾಕಿ ಎತ್ತಲು ಯಾರನ್ನೂ ಬಿಡಬಾರದು.

ಬೆಂಗಳೂರಿಂದ ತುಮಕೂರಿಗೆ ಬರುವಾಗ ಕಾರಿನ ಮುಂದಿನ ಸೀಟನ್ನು ಅರ್ಧ ಒರಗಿಸಿ ಕೂರುವುದು ಹಿಂದೆ ಅಡ್ಡ ಮಲಗುವುದಕ್ಕಿಂತ ಮೇಲು. ನೆಲಮಂಗಲ ದಾಟಿ ಒಮ್ಮೆ, ದಾಬಸ್‌ಪೇಟೆಯಲ್ಲಿ ಒಮ್ಮೆ ಇಳಿದು ಐದು ನಿಮಿಷ ನಡೆಯಿರಿ, ಕಾಲಿನಲ್ಲಿ ರಕ್ತ ನಿಲ್ಲಬಾರದು. ಹೆದ್ದಾರಿ ಏನೂ ಮಾಡುವುದಿಲ್ಲ. ಊರೊಳಗೆ ಬಂದ ಮೇಲೆ ಸಿಗುವ ಹಂಪುಗಳೇ ಜೀವ ತೆಗೆಯುವುದು.

ಮನೆಯಲ್ಲಿ ಮೊದಲೇ ಮಾಡಿಸಿಡಬೇಕಾದ್ದು ಕಮೋಡ್. ಕುಕ್ಕರಗಾಲಲ್ಲಿ ಕೂರುವ ಕಕ್ಕಸಾದರೆ ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತದೆ. ಮೂರು ತಿಂಗಳು ನೆಲದ ಮೇಲೆ ಕೂರುವುದು, ಬಗ್ಗಿ ಬಿಂದಿಗೆ ಎತ್ತುವುದು, ಸ್ಕೂಟರು, ಮೂರೂ ಇಲ್ಲ. ಎತ್ತುವ ಭಾರ 5 ಕಿಲೋ ದಾಟಬಾರದು. ತುಂಬಿದ ಪ್ಲಾಸ್ಟಿಕ್ ಬಿಂದಿಗೆ ಅದಕ್ಕಿಂತ ಬಹಳ ಹೆಚ್ಚು ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಗುವ ಡೈಕ್ಲೋಫೆನಾಕ್ ಮಾತ್ರೆಯನ್ನು ಕೇಳದೆ ನುಂಗಬೇಡಿ, ಮೂಳೆ ಬೆಸೆಯುವುದಕ್ಕೆ ಅಡ್ಡ ಬರಬಹುದೆಂದು ಹಲವು ಸರ್ಜನ್‌ಗಳು ಮೊದಲ ತಿಂಗಳುಗಳಲ್ಲಿ ಅದನ್ನು ನಿಲ್ಲಿಸಿರುತ್ತಾರೆ. ವ್ಯಾಯಾಮವೆಂದರೆ ನಡಿಗೆಯೊಂದೇ: ಮೊದಲ ವಾರ ಮನೆಯೊಳಗೆ ಐದು ನಿಮಿಷದಂತೆ ಐದಾರು ಸಲ, ಆಮೇಲೆ ಬೆಳಿಗ್ಗೆ ಬೀದಿಯಲ್ಲಿ. ಮೀನಖಂಡ ಊದಿ ನೋಯುವುದು, ಹೊಟ್ಟೆ ಬಿಗಿದು ವಾಂತಿ, ಗಾಯದಿಂದ ನೀರು, ಜ್ವರ, ಮೂತ್ರ ಕಟ್ಟುವುದು ಅಥವಾ ತೊಡೆಸಂದಿ ಮರಗಟ್ಟುವುದು: ಇವುಗಳಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೊರಡಿ.

ಸೊಂಟದ ನೋವು ಬೆಸುಗೆ ಗಟ್ಟಿಯಾದಂತೆ ಇಳಿಯುತ್ತದೆ. ಕಾಲಿನ ಉರಿ, ಜೋಮು ಅದಕ್ಕಿಂತ ನಿಧಾನ. ಪೆಟ್ಟಾದ ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಎಷ್ಟು ದಿನ ಎಂದು ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು. ನೋವು ಪೂರಾ ಹೋಗುತ್ತದೆ ಎಂದು ಭರವಸೆ ಕೊಡುವ ಸರ್ಜನ್‌ಗಿಂತ 'ಹತ್ತರಲ್ಲಿ ಎಂಟು ಇದ್ದದ್ದು ಮೂರು ನಾಲ್ಕಕ್ಕೆ ಬಂದ್ರೆ ನಾವಿಬ್ರೂ ಗೆದ್ದಂಗೆ' ಎನ್ನುವವರು ನಂಬಿಕೆಗೆ ಅರ್ಹರು.

ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಎಕ್ಸ್‌ರೇ. ವರ್ಷ ತುಂಬಿದಾಗ ಒಂದು ಸಿ.ಟಿ. ಅದರಲ್ಲಿ ಕೇಜಿನ ನಡುವೆ ಮೇಲಿನ ಮೂಳೆಯಿಂದ ಕೆಳಗಿನ ಮೂಳೆಗೆ ಬಿಳಿ ಸೇತುವೆ ಕಟ್ಟಿದ್ದರೆ ಬೆಸೆದಿದೆ. ಸ್ಕ್ರೂವಿನ ಸುತ್ತ ಕಪ್ಪು ಬಳೆ ಕಂಡರೆ ಅದು ಸಡಿಲ, ಬೆಸುಗೆ ಹಿಡಿದಿಲ್ಲ. ಬೆಸೆದವರ ಸ್ಕ್ರೂಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅವುಗಳ ಸ್ಟಿಕ್ಕರನ್ನೂ ಕೇಜಿನದನ್ನೂ ಈ ಸಲ ಲ್ಯಾಮಿನೇಟ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದೇನೆ.